ಅವ್ವ ಕಂಪನಿ ಸೇರುವ ಮಾತು

ಹರಿಹರದ ನಮ್ಮ ಮನೆಯಲ್ಲಿ ವಾರಗಳನ್ನು ಗುರುತಿಸುತ್ತಿದ್ದದ್ದು ಅಪ್ಪನ ಶಿಫ್ಟಿನಿಂದ. ಅಪ್ಪ ಹೊಳೆದಂಡೆಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದ. ಫಸ್ಟ್ ಶಿಫ್ಟಿನ ವಾರ ಮನೆ ಕತ್ತಲಲ್ಲೇ ಏಳುತ್ತಿತ್ತು, ಸೆಕೆಂಡ್ ಶಿಫ್ಟಿನ ವಾರ ಹೊತ್ತು ಮೀರಿ ಉಣ್ಣುತ್ತಿತ್ತು, ನೈಟ್ ಶಿಫ್ಟಿನ ವಾರ ಬಂತೆಂದರೆ ಇಡೀ ಮನೆ ಪಿಸುಗುಟ್ಟುತ್ತಿತ್ತು. ಬೆಳಿಗ್ಗೆ ಬಂದು ಸ್ನಾನ ಮಾಡಿ ಅಪ್ಪ ನಡುಮನೆಯ ಫ್ಯಾನಿನ ಕೆಳಗೆ ಮಲಗಿದನೆಂದರೆ ಅಜ್ಜಿ ರೊಟ್ಟಿ ತಟ್ಟುವಂತಿರಲಿಲ್ಲ, ಅವ್ವ ಒರಳು ಮುಟ್ಟುವಂತಿರಲಿಲ್ಲ, ನಾನು ಮಗ್ಗಿ ಬಾಯಿಪಾಠ ಮಾಡುವಂತಿರಲಿಲ್ಲ. ಆ ವಾರವೆಲ್ಲ ನಮಗೆ ಉಪ್ಪಿಟ್ಟು, ಇಲ್ಲವೇ ಒಗ್ಗರಣೆ ಮಂಡಕ್ಕಿ. ಜಗಳವಾದರೆ ಅದೂ ಪಿಸುಮಾತಿನಲ್ಲೇ ಆಗಬೇಕು. ಅವ್ವ ಮತ್ತು ಅಜ್ಜಿ ಅಡುಗೆಮನೆಯಲ್ಲಿ ಒಬ್ಬರಿಗೊಬ್ಬರು ಬಗ್ಗಿ, ಗುಟ್ಟು ಹೇಳುವವರ ಹಾಗೆ ಬೈದಾಡುತ್ತಿದ್ದರು. ದನಿ ಎತ್ತಬಾರದ ಹೊತ್ತಿನಲ್ಲಿ ಹೆಂಗಸರು ಮಾತನ್ನು ಎಷ್ಟು ಆರಿಸಿ ಆಡಬಲ್ಲರು ಎಂಬುದನ್ನು ನಾನು ಅಲ್ಲಿಯೇ ಕಲಿತೆ. ಶಾಲೆಯಲ್ಲಿ ಅಷ್ಟು ಒಳ್ಳೆಯ ಕನ್ನಡ ಯಾರೂ ಕಲಿಸಲಿಲ್ಲ.

ಮನೆಗೆ ಇದ್ದದ್ದು ಒಂದೇ ಕನ್ನಡಿ. ಬಚ್ಚಲಮನೆಯ ಬಾಗಿಲ ಪಕ್ಕದಲ್ಲಿ, ಅಪ್ಪ ಗಡ್ಡ ಕೆರೆದುಕೊಳ್ಳಲು ಅನುಕೂಲವಾಗಲೆಂದು ಅವನ ಎತ್ತರಕ್ಕೆ ಮೊಳೆ ಹೊಡೆದು ತೂಗುಹಾಕಿದ್ದದ್ದು. ಅವ್ವ ಕುಳ್ಳಿ. ದಿನಾ ಬೆಳಿಗ್ಗೆ ತುದಿಗಾಲ ಮೇಲೆ ನಿಂತು ಮೊದಲು ವಿಭೂತಿ, ಅದರ ಕೆಳಗೆ ಕುಂಕುಮ ಇಟ್ಟುಕೊಳ್ಳುತ್ತಿದ್ದಳು. ಅವಳಿಗೆ ಅದರಲ್ಲಿ ಕಾಣುತ್ತಿದ್ದದ್ದು ಹಣೆ ಮಾತ್ರ, ಹೆಚ್ಚೆಂದರೆ ಹುಬ್ಬು. ಮೊಳೆಯನ್ನು ಒಂದು ಗೇಣು ಕೆಳಗೆ ಹೊಡೆಯಬಹುದೆಂದು ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ, ಅವ್ವನಿಗೂ. ಅಜ್ಜಿಗಂತೂ ಕನ್ನಡಿಯ ಗೊಡವೆಯೇ ಇರಲಿಲ್ಲ. ಅವಳು ಅಪ್ಪನ ತಾಯಿ. ಕಡರನಾಯಕನಹಳ್ಳಿಯಿಂದ ಈ ಮನೆಗೆ ಸೊಸೆಯಾಗಿ ಬಂದು, ಅಪ್ಪ ಇನ್ನೂ ಅಂಬೆಗಾಲಿಡುತ್ತಿದ್ದಾಗಲೇ ಗಂಡನನ್ನು ಕಳೆದುಕೊಂಡವಳು. ಲಿಂಗಪೂಜೆ ಮುಗಿಸಿ, ಬೆರಳಿಗೆ ವಿಭೂತಿ ಬಳಿದುಕೊಂಡು ಹಣೆಗೆ ಎಳೆದಳೆಂದರೆ ಅವಳ ಅಲಂಕಾರ ಮುಗಿಯಿತು. ಸಿಟ್ಟು ಬಂದರೆ ಮಾತು ನಿಲ್ಲಿಸಿ ಹಿತ್ತಾಳೆ ಪಾತ್ರೆ ಬೆಳಗುವುದು ಅವಳ ಅಭ್ಯಾಸ. ನಮ್ಮ ಮನೆಯ ಹಿತ್ತಾಳೆ ಯಾವಾಗಲೂ ಹೊಳೆಯುತ್ತಿತ್ತು ಎಂದರೆ ಉಳಿದದ್ದನ್ನು ನೀವೇ ಊಹಿಸಿಕೊಳ್ಳಿ.

ಇಂಥ ಮನೆಗೆ, ಅದೂ ನೈಟ್ ಶಿಫ್ಟಿನ ವಾರದ ಒಂದು ಮಧ್ಯಾಹ್ನ, ವಿಮಲಕ್ಕ ಬಂದಳು. ಅವ್ವನ ತವರು ಭಾನುವಳ್ಳಿ. ವಿಮಲಕ್ಕ ಅಲ್ಲಿ ಅವ್ವನ ಜೊತೆ ಒಂದೇ ಬೆಂಚಿನಲ್ಲಿ ಕೂತು ಎಸ್ಸೆಸ್ಸೆಲ್ಸಿವರೆಗೆ ಓದಿದವಳು. ಮದುವೆಯಾಗಿ ದಾವಣಗೆರೆಗೆ ಹೋದ ಮೇಲೆ ಮದುವೆ ಮುಂಜಿಗಳಲ್ಲಿ ಎದುರಾದದ್ದು ಬಿಟ್ಟರೆ ಅವಳ ಸುದ್ದಿಯೇ ಇರಲಿಲ್ಲ. ಆವತ್ತು ಬಂದವಳು ನನ್ನ ಕಣ್ಣಿಗೆ ಬೇರೆ ಯಾವುದೋ ಲೋಕದಿಂದ ಇಳಿದಂತೆ ಕಂಡಳು. ಇಸ್ತ್ರಿ ಮಾಡಿದ ಸೀರೆ, ಎತ್ತಿ ಕಟ್ಟಿದ ಕೂದಲು, ಕೈಯಲ್ಲಿ ನೇರಳೆ ಬಣ್ಣದ ದೊಡ್ಡ ಬ್ಯಾಗು. ಗಂಡ ಇಲ್ಲ, ಮಗು ಇಲ್ಲ, ಕೈಚೀಲದಲ್ಲಿ ಹಣ್ಣುಕಾಯಿ ಇಲ್ಲ. ಹೆಂಗಸೊಬ್ಬಳು ಇವು ಯಾವುವೂ ಇಲ್ಲದೆ ಬಸ್ಸು ಹತ್ತಿ ಇನ್ನೊಂದು ಊರಿಗೆ ಬರಬಹುದೆಂಬುದೇ ನನಗೆ ಹೊಸದು.

"ಏನೇ ಗಿರಿಜಾ, ಮನಿ ಏನು ಇಷ್ಟು ತಣ್ಣಗೈತಲ್ಲೇ! ಯಾರೂ ಇಲ್ಲೇನು?"

ಅವ್ವ ಗಾಬರಿಯಿಂದ ತುಟಿಯ ಮೇಲೆ ಬೆರಳಿಟ್ಟು ನಡುಮನೆಯ ಕಡೆ ಕಣ್ಣು ತೋರಿಸಿದಳು.

"ಮೆಲ್ಲಕೆ ಮಾತಾಡೆ. ಅವ್ರು ಮಲಗ್ಯಾರೆ."

"ಮಲಗ್ಲಿ ಬಿಡು. ನಾ ಬಂದಿರಾದು ನಿನ್ನ ನೋಡಾಕೆ."

ನಿನ್ನನ್ನು ನೋಡಲು ಬಂದೆ ಎಂದು ನಮ್ಮ ಅವ್ವನಿಗೆ ಯಾರೂ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಬಂದವರೆಲ್ಲ ಅಪ್ಪನನ್ನು ಕೇಳಿಕೊಂಡು ಬರುತ್ತಿದ್ದರು, ಇಲ್ಲವೇ ಅಜ್ಜಿಯ ಕಾಲಿಗೆ ಬೀಳಲು ಬರುತ್ತಿದ್ದರು. ಅವ್ವ ಚಹಾ ತರುವವಳು. ವಿಮಲಕ್ಕ ಚಹಾ ಬೇಡ ಅಂದು ಅವ್ವನನ್ನು ಪಡಸಾಲೆಯ ಕಿಟಕಿಯ ಬೆಳಕಿಗೆ ಕೂರಿಸಿ ಬ್ಯಾಗಿನ ಜಿಪ್ಪು ಎಳೆದಳು. ಒಳಗೆ ಸಾಲಾಗಿ ಸೀಸೆ, ಡಬ್ಬಿ, ಕಡ್ಡಿ, ಬ್ರಷ್ಷು. ಒಂದೊಂದಕ್ಕೂ ಅದರದೇ ಗೂಡು. ನಮ್ಮ ದೇವರ ಜಗಲಿಯ ಮೇಲೂ ಅಷ್ಟು ಶಿಸ್ತು ಇರಲಿಲ್ಲ. ಅಜ್ಜಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತು ನೋಡಿದಳು.

"ಅದೇನವ್ವ ಬಿಳೇದು?"

"ಮುಖ ಒರೆಸೋ ಹಾಲು ಅಮ್ಮಾರೆ. ಇದನ್ನ ಹತ್ತೀಲಿ ಹಚ್ಚಿ ಒರೆಸಿದ್ರೆ ಕೊಳೆ ಎಲ್ಲ ಹೋಗ್ತೈತೆ."

"ಹಾಲು. ಮಕಕ್ಕೆ." ಅಜ್ಜಿ ಎರಡೇ ಪದ ಹೇಳಿ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಹುಣಸೆಹಣ್ಣು ಹಾಕಿ ತಂಬಿಗೆ ಉಜ್ಜುವ ಸದ್ದು ಕೇಳಿಸಿತು.

ಅವ್ವ ತಾನೇ ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದಳು. ವಿಮಲಕ್ಕ ಏನೇನೋ ಹಚ್ಚಿದಳು, ಒರೆಸಿದಳು, ಮತ್ತೆ ಹಚ್ಚಿದಳು. ಕಣ್ಣಿನ ಅಂಚಿಗೆ ಗೆರೆ, ತುಟಿಗೆ ದಾಳಿಂಬೆಯ ಬಣ್ಣ. ಎಲ್ಲ ಮುಗಿದ ಮೇಲೆ ಅವ್ವ ತಾನೇ ಕುಂಕುಮ ಇಟ್ಟುಕೊಂಡಳು. ಆಮೇಲೆ ವಿಮಲಕ್ಕ ಬ್ಯಾಗಿನಿಂದ ಮೇಜಿನ ಮೇಲೆ ನಿಲ್ಲಿಸುವ ಕನ್ನಡಿಯೊಂದನ್ನು ತೆಗೆದು ಅವ್ವನ ಮುಂದೆ ಇಟ್ಟಳು. ಅವ್ವ ನೋಡಿಕೊಂಡಳು. ನಾನು ಅವ್ವನನ್ನು ನೋಡಿದೆ. ಅವಳ ಎಡಗೆನ್ನೆಯಲ್ಲಿ ಒಂದು ಸಣ್ಣ ಗುಳಿ ಇತ್ತು. ಅದು ಮೊದಲೂ ಅಲ್ಲೇ ಇದ್ದಿರಬೇಕು. ದಿನವೂ ನನಗೆ ಜಡೆ ಹಾಕುತ್ತಿದ್ದ, ಊಟ ಬಡಿಸುತ್ತಿದ್ದ, ಬೈಯುತ್ತಿದ್ದ ಅವ್ವನಿಗೆ ಒಂದು ಮುಖ ಇದೆ ಎಂದು ನನಗೆ ಮೊದಲ ಸಲ ಅನ್ನಿಸಿತು. ಖುಷಿಯಾಯಿತು. ಭಯವೂ ಆಯಿತು. ಅಷ್ಟರಲ್ಲಿ ನಿದ್ದೆಗಣ್ಣಿನ ಅಪ್ಪ ಬಚ್ಚಲಿಗೆ ಹೋಗಲು ಎದ್ದು ಬಂದ. ಅವ್ವನನ್ನು ನೋಡಿ ಎರಡು ಕ್ಷಣ ನಿಂತ.

"ಯಾರ ಮದುವಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಮುಂದೆ ಹೋದ.

ವಿಮಲಕ್ಕ ಬಂದ ಕೆಲಸ ಆಮೇಲೆ ಗೊತ್ತಾಯಿತು. ಅವಳ ಕಂಪನಿ ಅಂಗಡಿಗಳಲ್ಲಿ ಸರಕು ಇಡುತ್ತಿರಲಿಲ್ಲ. ಹೆಂಗಸರೇ ಹೆಂಗಸರ ಮನೆಗೆ ಹೋಗಿ, ನಾಲ್ಕು ಜನರನ್ನು ಕೂರಿಸಿ, ಒಬ್ಬರ ಮುಖಕ್ಕೆ ಹಚ್ಚಿ ತೋರಿಸಿ ಮಾರಬೇಕು. ಅವಳಿಗೆ ದಾವಣಗೆರೆಯಲ್ಲಿ ಕೈ ಹತ್ತಿತ್ತು. ಹರಿಹರಕ್ಕೆ ಒಬ್ಬಳು ಬೇಕಾಗಿತ್ತು. ಭಾನುವಾರ ಕಂಪನಿಯ ಮೀಟಿಂಗ್ ನೋಡಿಕೊಂಡು ಹೋಗು, ಬ್ಯಾಗು ಇಲ್ಲೇ ಇರಲಿ, ನಿಮ್ಮ ಮನೆಯಲ್ಲೇ ಒಂದು ಸಲ ಮಾಡಿ ನೋಡು, ಆಮೇಲೆ ಹೂಂ ಅನ್ನು ಇಲ್ಲಾ ಊಹೂಂ ಅನ್ನು ಎಂದು ಹೇಳಿ ಹೋದಳು. ಬ್ಯಾಗು ಪಡಸಾಲೆಯ ಬೆಂಚಿನ ಮೇಲೆ ಉಳಿಯಿತು. ನಾವೆಲ್ಲ ಅದರ ಸುತ್ತ, ಯಾರೋ ಬಿಟ್ಟುಹೋದ ಕೂಸಿನ ಸುತ್ತ ನಡೆಯುವಂತೆ ಓಡಾಡಿದೆವು.

ಅವ್ವ ಅಪ್ಪನನ್ನು ಕೇಳಿದಳು. ಅಪ್ಪ ಒಳ್ಳೆಯ ಮನುಷ್ಯ, ಜಗಳಗಂಟನಲ್ಲ. ಅದೇ ಅವ್ವನಿಗೆ ತೊಂದರೆಯಾಯಿತು.

"ನೋಡ್ರಿ, ವಿಮಲಿ ಹಿಂಗಂತಾಳೆ. ಏನ್ ಮಾಡ್ಲಿ?"

"ನಂಗೇನ್ ಗೊತ್ತಾಗ್ತೈತೆ ಪೌಡರ್ ವಿಚಾರ. ನಿನಗೆ ತಿಳಿದಂಗೆ ಮಾಡು."

"ಬ್ಯಾಡ ಅನ್ನಂಗಿದ್ರೆ ಬ್ಯಾಡ ಅನ್ರಿ."

"ನಾ ಯಾಕ ಬ್ಯಾಡ ಅನ್ಲಿ?"

"ಹಂಗಾದ್ರೆ ಮಾಡು ಅನ್ರಿ."

"ಅದನ್ನೂ ನಾ ಯಾಕ ಅನ್ಲಿ?"

ಅಪ್ಪ ಮಗ್ಗುಲು ತಿರುಗಿ ಮಲಗಿದ. ಅವ್ವ ಅಡುಗೆಮನೆಗೆ ಬಂದು, ನನ್ನ ಹತ್ತಿರವೋ ಒಲೆಯ ಹತ್ತಿರವೋ ತಿಳಿಯದ ಹಾಗೆ, "ಬ್ಯಾಡ ಅಂದಿದ್ರೆ ಜಗಳನಾದ್ರೂ ಆಡ್ತಿದ್ದೆ" ಅಂದಳು. ಅವಳಿಗೆ ಬೇಕಾಗಿದ್ದದ್ದು ಅನುಮತಿಯಾಗಿರಲಿಲ್ಲ. ತಾನೇ ತೀರ್ಮಾನಿಸಬೇಕಾಗಿ ಬಂದದ್ದು ಅವಳಿಗೆ ಹೊಸದು, ಆ ಭಾರ ಅವಳಿಗೆ ಹೊರಲಾಗುತ್ತಿರಲಿಲ್ಲ. ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ಅಜ್ಜಿ ಒಂದು ಮಾತೂ ಆಡದೆ ಉಂಡಳು. ಅವಳ ಕಡೆಯಿಂದ ಪಾತ್ರೆಗಳ ಸದ್ದು ಬಿಟ್ಟರೆ ಬೇರೆ ಸುದ್ದಿ ಇರಲಿಲ್ಲ. ಅಜ್ಜಿಗೆ ಇದು ಸುತಾರಾಂ ಇಷ್ಟವಿಲ್ಲ ಎಂದು ನಾವೆಲ್ಲ ತಿಳಿದುಕೊಂಡೆವು.

ಭಾನುವಾರ ನಾನೂ ಅವ್ವನೂ ದಾವಣಗೆರೆಗೆ ಹೋದೆವು. ಅಲ್ಲಿ ಹೋಟೆಲೊಂದರ ಮೇಲಂತಸ್ತಿನ ಹಾಲ್. ಹಾಲಿನ ತುಂಬ ಹೆಂಗಸರು, ಹೆಂಗಸರು ಮಾತ್ರ. ಮದುವೆ ಮನೆಯಲ್ಲಿ ಹೆಂಗಸರು ಅಷ್ಟು ಸೇರುತ್ತಾರೆ, ಆದರೆ ಅಲ್ಲಿ ಅವರು ಒಂದು ಪಕ್ಕದಲ್ಲಿ ಇರುತ್ತಾರೆ. ಇಲ್ಲಿ ಮೈಕು ಅವರದು, ವೇದಿಕೆ ಅವರದು, ಮುಂದಿನ ಸಾಲಿನ ಕುರ್ಚಿಗಳು ಅವರವು. ಒಬ್ಬೊಬ್ಬಳ ಹೆಸರು ಕೂಗುತ್ತಿದ್ದರು. ಇಂಥವರ ಹೆಂಡತಿ, ಇಂಥವರ ತಾಯಿ ಎಂದಲ್ಲ, ಅವಳದೇ ಹೆಸರು, ಊರು. ಅವಳು ಎದ್ದು ಸೆರಗು ಸರಿ ಮಾಡಿಕೊಂಡು ಮೆಟ್ಟಿಲು ಹತ್ತಿದರೆ ಉಳಿದವರೆಲ್ಲ ಕೈ ನೋಯುವವರೆಗೆ ಚಪ್ಪಾಳೆ ಹೊಡೆಯುತ್ತಿದ್ದರು. ಹೆಂಗಸರಿಗೆ ಹೆಂಗಸರು ಚಪ್ಪಾಳೆ ಹೊಡೆದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಹಳ್ಳಿಯವಳಂತೆ ಕಾಣುತ್ತಿದ್ದ ಒಬ್ಬ ಹೆಂಗಸು ಮೈಕಿನ ಮುಂದೆ ನಿಂತು, "ನನಗ ಮಾತಾಡಾಕ ಬರಲ್ಲ" ಎಂದು ಶುರು ಮಾಡಿ, ಅರ್ಧ ಗಂಟೆಯಾದರೂ ನಿಲ್ಲಿಸಲಿಲ್ಲ. ನಾನು ಮೈಮರೆತು ಕೇಳಿದೆ. ಅವಳು ಏನು ಹೇಳಿದಳೋ ಇವತ್ತು ಒಂದಕ್ಷರವೂ ನೆನಪಿಲ್ಲ, ಅವಳ ದನಿ ಏರಿದ್ದು ನೆನಪಿದೆ. ಅವ್ವ ಮಡಿಲಲ್ಲಿ ಕೈ ಕಟ್ಟಿಕೊಂಡು ಕೂತಿದ್ದಳು. ಚಪ್ಪಾಳೆ ಹೊಡೆಯಲೂ ಮರೆತಿದ್ದಳು.

ಆಮೇಲೆ ವಿಮಲಕ್ಕ ನಮಗೆ ಬೆಣ್ಣೆ ದೋಸೆ ಕೊಡಿಸಿದಳು. ದೋಸೆ ಮುರಿಯುತ್ತ ಅವ್ವ ಬಾಯಿ ಬಿಟ್ಟಳು.

"ವಿಮಲಿ, ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ. ನೀ ಮೊನ್ನೆ ನಮ್ಮ ಮನೆಗೆ ಬಂದ್ಯಲ್ಲ, ನನ್ನ ನೋಡಾಕೆ ಬಂದ್ಯೋ, ಇದಕ್ಕೆ ಬಂದ್ಯೋ?"

ವಿಮಲಕ್ಕ ಚಟ್ನಿಯ ಬಟ್ಟಲನ್ನು ಅತ್ತಿತ್ತ ಸರಿಸಿದಳು.

"ಎರಡಕ್ಕೂ ಕಣೆ."

"ನನಗೆ ಅದೇ ಹೆದರಿಕೆ. ನಾ ಸೇರಿದ್ರೆ ಇನ್ಮ್ಯಾಲೆ ನಾ ಯಾರ ಮನಿಗೆ ಹೋದ್ರೂ, ಮಾತಾಡಾಕೆ ಬಂದ್ಲೋ ಮಾರಾಕೆ ಬಂದ್ಲೋ ಅಂತ ಬಾಗ್ಲಾಗೇ ನಿಲ್ಲಿಸಿ ನೋಡ್ತಾರೆ. ಓಣ್ಯಾಗೆ ನನಗಿರಾದು ಆ ನಾಕು ಮನೆ. ಅವೂ ಹೋದ್ರೆ?"

"ಹೋಗ್ತಾವೆ ಒಂದೆರಡು," ಎಂದಳು ವಿಮಲಕ್ಕ. "ಸುಳ್ಳು ಹೇಳಲ್ಲ. ನಂದೂ ಹೋಗ್ಯಾವೆ."

ಆ ಉತ್ತರಕ್ಕಾಗಿ ನಾನು ವಿಮಲಕ್ಕನನ್ನು ಇವತ್ತಿಗೂ ಗೌರವಿಸುತ್ತೇನೆ. ಬಸ್ಸಿನಲ್ಲಿ ವಾಪಸು ಬರುವಾಗ ಅವ್ವ ಕಿಟಕಿಗೆ ತಲೆಯಿಟ್ಟು ಕೂತಿದ್ದಳು. ಸೇರಬೇಕೆಂಬ ಆಸೆ ಅವಳ ಮುಖದ ಮೇಲೆ ಇತ್ತು. ಆ ನಾಲ್ಕು ಮನೆಗಳೂ ಅಲ್ಲೇ ಇದ್ದವು.

ಮನೆಯಲ್ಲಿ ಮಾಡಿ ನೋಡಲು ಅವ್ವ ಶುಕ್ರವಾರವನ್ನು ಆರಿಸಿದಳು. ಒಳ್ಳೆಯ ಕೆಲಸಕ್ಕೆ ಒಳ್ಳೆಯ ದಿನ ಇರಲಿ ಎಂದು. ಅಷ್ಟಕ್ಕೇ ನಿಲ್ಲಿಸದೆ ಓಣಿಯ ಹೆಂಗಸರನ್ನು ಅರಿಶಿನ ಕುಂಕುಮಕ್ಕೆ ಕರೆದಂತೆ ಮನೆಮನೆಗೂ ಹೋಗಿ ಕರೆದಳು. ಹೆಂಗಸರನ್ನು ಮನೆಗೆ ಕರೆಯುವ ಬೇರೆ ರೀತಿ ಅವಳಿಗೆ ಗೊತ್ತಿರಲಿಲ್ಲ. ಮಧ್ಯಾಹ್ನ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟು, ಮಿರ್ಚಿ ಮಂಡಕ್ಕಿ ಮಾಡಿ, ಪಡಸಾಲೆಯಲ್ಲಿ ಜಮಖಾನ ಹಾಸಿದಳು. ಅಪ್ಪ ಆ ವಾರ ಫಸ್ಟ್ ಶಿಫ್ಟು, ಮನೆಯಲ್ಲಿರಲಿಲ್ಲ. ಬಂದವರಿಗೆಲ್ಲ ಬಾಗಿಲಲ್ಲೇ ಅರಿಶಿನ ಕೊಟ್ಟು, ಹಣೆಗೆ ಕಾಸಿನಗಲ ಕುಂಕುಮ ಇಟ್ಟಳು. ಅಜ್ಜಿ ಎಂದಿನಂತೆ ಒಳಗಿದ್ದಳು. ಮುತ್ತೈದೆಯರು ಸೇರಿದ ಕಡೆ ಅವಳು ಬರುತ್ತಿರಲಿಲ್ಲ, ಬಾ ಎಂದು ಯಾರೂ ಕರೆಯುತ್ತಲೂ ಇರಲಿಲ್ಲ. ನನಗೆ ಅದು ವಿಚಿತ್ರವೆಂದು ಅನ್ನಿಸಿರಲೇ ಇಲ್ಲ.

ಅವ್ವ ಬ್ಯಾಗು ತೆರೆದಾಗ ಎಲ್ಲರೂ ಹೋ ಎಂದರು. ಸೀಸೆಗಳು ಕೈಯಿಂದ ಕೈಗೆ ಹೋದವು, ಮೂಸಿದರು, ಮುಂಗೈಗೆ ಹಚ್ಚಿಕೊಂಡರು. ಅವ್ವ ವಿಮಲಕ್ಕ ಹೇಳಿಕೊಟ್ಟ ಮಾತುಗಳನ್ನು ಪಾಠ ಒಪ್ಪಿಸಿದಂತೆ ಒಪ್ಪಿಸಿದಳು. ನಡುನಡುವೆ ಮರೆತರೂ ಬಿಡಲಿಲ್ಲ. ಆಮೇಲೆ ಪಕ್ಕದ ಮನೆಯ ಶಾಂತಕ್ಕನನ್ನು ಕಿಟಕಿಯ ಬೆಳಕಿಗೆ ಕೂರಿಸಿದಳು. ಶಾಂತಕ್ಕ ನಾಚಿಕೊಂಡು, ನಕ್ಕು, ಕೊನೆಗೆ ಮುಖ ಮುಂದೆ ಮಾಡಿ ಕಣ್ಣು ಮುಚ್ಚಿದಳು. ಅವ್ವ ಹತ್ತಿಯನ್ನು ಆ ಬಿಳಿ ಹಾಲಿನಲ್ಲಿ ಅದ್ದಿ, ಕಂಪನಿ ಹೇಳಿದ ಕ್ರಮದಲ್ಲೇ, ಮೊದಲು ಹಣೆಯಿಂದ ಎಂದು ಕೈ ಎತ್ತಿದಳು.

ಕೈ ಅಲ್ಲೇ ನಿಂತಿತು. ಶಾಂತಕ್ಕನ ಹಣೆಯ ಮೇಲೆ ಈಗಷ್ಟೇ ಅವ್ವನೇ ಇಟ್ಟ ಕುಂಕುಮ ಇತ್ತು. ಮುತ್ತೈದೆ ತನ್ನ ಮುಖ ತಾನು ತೊಳೆದುಕೊಳ್ಳಬಹುದು, ಅದು ದಿನನಿತ್ಯದ ಮಾತು. ಆದರೆ ಇನ್ನೊಬ್ಬಳ ಕೈ ಅವಳ ಕುಂಕುಮ ಒರೆಸುವುದು ಬದುಕಿನಲ್ಲಿ ಒಂದೇ ಒಂದು ದಿನ, ಗಂಡ ಸತ್ತ ದಿನ. ಜಮಖಾನದ ಮೇಲಿದ್ದ ಪ್ರತಿಯೊಬ್ಬಳಿಗೂ ಅದು ಒಟ್ಟಿಗೇ ಹೊಳೆಯಿತು. ಮಂಡಕ್ಕಿ ತಿನ್ನುತ್ತಿದ್ದವರ ಬಾಯಿ ನಿಂತಿತು. ಶಾಂತಕ್ಕ ಕಣ್ಣು ಬಿಟ್ಟು, ತನ್ನ ಹಣೆಯ ಮುಂದಿದ್ದ ಒದ್ದೆ ಹತ್ತಿಯನ್ನು ಕಂಡು ಹಿಂದಕ್ಕೆ ಸರಿದಳು.

"ಬ್ಯಾಡ ಬಿಡ್ರಿ ಗಿರಿಜಕ್ಕ. ಶುಕ್ರವಾರ ಬ್ಯಾರೆ."

ಯಾರೂ ಕೆಟ್ಟ ಮಾತು ಆಡಲಿಲ್ಲ. ಒಬ್ಬರು ಹಾಲು ಕಾಯಿಸಬೇಕು ಅಂದರು, ಒಬ್ಬರು ಮಗ ಶಾಲೆಯಿಂದ ಬರುವ ಹೊತ್ತು ಅಂದರು. ಸೆರಗು ಸರಿಪಡಿಸಿಕೊಂಡು ಏಳತೊಡಗಿದರು. ಅವ್ವ ಹತ್ತಿ ಹಿಡಿದ ಕೈಯನ್ನು ಇಳಿಸದೆ ಕೂತಿದ್ದಳು. ದಾವಣಗೆರೆಯ ಸ್ಟಿಕರ್ ಬಿಂದಿಯ ಹೆಂಗಸರ ನಡುವೆ ವಿಮಲಕ್ಕನಿಗೆ ಎದುರಾಗದ ಗೋಡೆಯೊಂದು ನಮ್ಮ ಪಡಸಾಲೆಯಲ್ಲಿ ಎದ್ದಿತ್ತು. ಅದನ್ನು ಕಟ್ಟಿದವಳೂ ಅವ್ವನೇ, ಬಾಗಿಲಲ್ಲಿ ನಿಂತು ಒಂದೊಂದೇ ಹಣೆಗೆ ಇಟ್ಟು. ಅವಳ ಕಣ್ಣು ತುಂಬಿದ್ದು ನನಗೆ ಕಂಡಿತು. ಅಳಬೇಡ ಅವ್ವ, ಇವರ ಮುಂದೆ ಅಳಬೇಡ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

ಆಗ ಅಜ್ಜಿ ಹೊರಗೆ ಬಂದಳು. ಅಡುಗೆಮನೆಯಿಂದ ನಡುಮನೆ, ನಡುಮನೆಯಿಂದ ಪಡಸಾಲೆ. ಮುತ್ತೈದೆಯರ ನಡುವೆ ಜಮಖಾನದ ಮೇಲೆ ಕಾಲಿಟ್ಟು, ಶಾಂತಕ್ಕ ಬಿಟ್ಟು ಎದ್ದ ಜಾಗದಲ್ಲಿ ಕೂತಳು. ಸೆರಗಿನ ತುದಿಯಿಂದ ತನ್ನ ಹಣೆಯ ವಿಭೂತಿಯನ್ನು ತಾನೇ ಒರೆಸಿಕೊಂಡಳು.

"ಈಬತ್ತಿ ಸಂಜಿಗೆ ಮತ್ತೆ ಹಚ್ಕಂತೀನಿ. ಕುಂಕುಮದ್ದು ನನಗೇನ್ ಚಿಂತಿಲ್ಲ. ನನ್ನ ಹಣಿ ಒರೆಸಿ ಭಾಳ ವರ್ಷ ಆತು. ಇನ್ನೇನು ಒರೆಸ್ತೀಯ, ಬಾ."

ಎದ್ದವರು ಎದ್ದಲ್ಲೇ ನಿಂತರು. ಅವ್ವ ಅತ್ತೆಯ ಮುಖವನ್ನು ನೋಡಿದಳು. ಮದುವೆಯಾಗಿ ಬಂದಂದಿನಿಂದ ಆ ಪಾದಗಳನ್ನು ಸಾವಿರ ಸಲ ಮುಟ್ಟಿದ್ದಳು. ಆ ಮುಖವನ್ನು ಒಂದು ಸಲವೂ ಇಲ್ಲ. ನಾನೂ ಮುಟ್ಟಿರಲಿಲ್ಲ. ನಮ್ಮ ಮನೆಯಲ್ಲಿ ಅಜ್ಜಿ ಎಲ್ಲರ ತಲೆ ಸವರುತ್ತಿದ್ದಳು, ಅವಳ ಕೆನ್ನೆಯನ್ನು ಯಾರೂ ಸವರಿದವರಿಲ್ಲ. ಅವ್ವ ಹತ್ತಿಯನ್ನು ಮತ್ತೆ ಅದ್ದಿಕೊಂಡು ಅಜ್ಜಿಯ ಹಣೆಯ ಮೇಲಿಟ್ಟಳು.

"ತಣ್ಣಗೈತೆ" ಎಂದು ಅಜ್ಜಿ ಕಣ್ಣು ಮುಚ್ಚಿದಳು.

ಅವ್ವ ಕಂಪನಿಯ ಮಾತುಗಳನ್ನು ಬಿಟ್ಟೇಬಿಟ್ಟಳು. ಏನೂ ಹೇಳದೆ ಹಣೆಯ ಗೆರೆಗಳನ್ನು ಒಂದೊಂದಾಗಿ ಒರೆಸಿದಳು, ಮೂಗಿನ ಪಕ್ಕದ ಮಡಿಕೆಗಳಲ್ಲಿ ಬೆರಳಾಡಿಸಿದಳು, ಕಣ್ಣಿನ ಕೆಳಗೆ ಕ್ರೀಮನ್ನು ಚುಕ್ಕಿ ಚುಕ್ಕಿ ಇಟ್ಟು ತಟ್ಟಿದಳು. ಅಜ್ಜಿಯ ದವಡೆ ಸಡಿಲವಾಯಿತು, ಹುಬ್ಬಿನ ನಡುವೆ ಸದಾ ಇದ್ದ ಗಂಟು ಬಿಚ್ಚಿತು. ಮುಚ್ಚಿದ ಕಣ್ಣಿನಿಂದ ನೀರು ಇಳಿಯಿತು. ಅವ್ವ ಅದನ್ನೂ ಒರೆಸಿ ಮುಂದೆ ಹೋದಳು. ನಾನು ಗೋಡೆಗೆ ಆತು ನಿಂತು ನೋಡುತ್ತಿದ್ದೆ. ದೇವಸ್ಥಾನದಲ್ಲಿ ಪರದೆ ಸರಿಸುವ ಹೊತ್ತಿಗೆ ನೋಡುತ್ತೇವಲ್ಲ, ಹಾಗೆ. ಅದಾದ ಮೇಲೆ ದೊಡ್ಡ ಊರುಗಳನ್ನು ನೋಡಿದ್ದೇನೆ, ದೊಡ್ಡ ಮನುಷ್ಯರನ್ನೂ ನೋಡಿದ್ದೇನೆ. ಆ ಮಧ್ಯಾಹ್ನದಷ್ಟು ದೊಡ್ಡದೇನನ್ನೂ ನೋಡಿಲ್ಲ.

ಅವ್ವ ತುಟಿಯ ಬಣ್ಣದ ಕಡ್ಡಿಯನ್ನು ಕೈಗೆತ್ತಿಕೊಂಡು ಅನುಮಾನಿಸಿದಳು. ಅಜ್ಜಿ ಒಂದು ಕಣ್ಣು ಬಿಟ್ಟಳು.

"ಅದಕ್ಕೆ ನನಗೆ ಎಲಡಿಕೆನೇ ಸಾಕು."

ಎಲ್ಲರೂ ಘೊಳ್ಳೆಂದು ನಕ್ಕರು. ನಿಂತವರು ಮತ್ತೆ ಕೂತರು. ಅವ್ವ ಕನ್ನಡಿ ಹಿಡಿದಾಗ ಅಜ್ಜಿ ತನ್ನ ಮುಖವನ್ನು ಅರೆಗಳಿಗೆ ನೋಡಿ ಅದನ್ನು ಪಕ್ಕಕ್ಕೆ ಸರಿಸಿದಳು. ನೋಡಿದ್ದು ಅವ್ವನನ್ನು.

"ನಿನ್ನ ಕೈ ಇಷ್ಟು ಹಗುರ ಐತೆ ಅಂತ ನನಗೆ ಗೊತ್ತೇ ಇರಲಿಲ್ಲ ನೋಡು. ಇಷ್ಟು ವರ್ಷ ಒಂದೇ ಒಲಿ ಮುಂದೆ ಕುಂತೀವಿ."

ಸಂಜೆ ವಿಮಲಕ್ಕ ಫೋನು ಮಾಡಿದಳು. ಏನೇನು ಹೋಯಿತೆಂದು ಕೇಳಿದಳು. ಅವ್ವನಿಗೆ ಅರ್ಥವಾಗಲಿಲ್ಲ. ಆಮೇಲೆ ನಾಲಿಗೆ ಕಚ್ಚಿಕೊಂಡಳು. ಮಾರುವುದನ್ನು ಅವಳು ಪೂರ್ತಿ ಮರೆತಿದ್ದಳು. ಹೆಂಗಸರು ಮಂಡಕ್ಕಿ ತಿಂದು, ಎಲೆಅಡಿಕೆ ತಗೊಂಡು, ಅಜ್ಜಿಯ ಕಾಲಿಗೆ ಬಿದ್ದು ಹೋಗಿದ್ದರು. ಫೋನಿನ ಆ ಕಡೆಯ ದನಿ ನನಗೂ ಕೇಳಿಸುವಷ್ಟು ಜೋರಾಗಿತ್ತು.

"ಹಿಂಗಾದ್ರೆ ನಿನಗೆ ಈ ಲೈನ್ ಬ್ಯಾಡ ಕಣೆ. ಬೇಜಾರಿಲ್ಲ. ಸೋಮವಾರ ಬ್ಯಾಗ್ ತಂದು ಕೊಟ್ಬಿಡು."

ಬೇಡ ಎಂದು ಹೇಳುವವರು ಯಾರಾದರೂ ಸಿಕ್ಕಲಿ ಎಂದು ಅಷ್ಟು ದಿನ ಹುಡುಕಿದ್ದ ಅವ್ವನಿಗೆ ಕೊನೆಗೆ ಒಬ್ಬರು ಸಿಕ್ಕಿದ್ದರು. ಹಗುರಾಗಬೇಕಿತ್ತು, ಆಗಲಿಲ್ಲ. ಬ್ಯಾಗಿನ ಸೀಸೆಗಳನ್ನು ಹೊರಗಿಟ್ಟು, ಒಂದೊಂದನ್ನೂ ಒರೆಸಿ, ಅದರದರ ಗೂಡಿಗೆ ಮತ್ತೆ ಸೇರಿಸಿದಳು. ಮರುದಿನವೂ ಅದನ್ನೇ ಮಾಡಿದಳು. ಅಜ್ಜಿ ಅವರೆಕಾಯಿ ಸುಲಿಯುತ್ತ ನೋಡುತ್ತಿದ್ದಳು. ಆಮೇಲೆ, ನಾವು ಅಷ್ಟು ದಿನ ಸಿಟ್ಟೆಂದು ತಿಳಿದಿದ್ದ ಮೌನವನ್ನು ಮುರಿದಳು.

"ನಾಳೆ ಓಣ್ಯಾಗೆ ಬಾಗ್ಲು ಹಾಕ್ಕಂತಾರೆ ಗಿರಿಜಾ. ಕಿಟಕ್ಯಾಗೆ ನೋಡಿ, ಮನ್ಯಾಗೆ ಇಲ್ಲ ಅಂತ ಹುಡುಗ್ರ ಕೈಲಿ ಹೇಳಿಸ್ತಾರೆ. ನಾ ಅದನ್ನ ಕಂಡೀನಿ. ಗಂಡ ಹೋದ ಮ್ಯಾಲೆ ನನಗೂ ಹಂಗೇ ಹೇಳಿಸ್ತಿದ್ರು. ನಿನಗೆ ಅದನ್ನ ತಡಕಂಬೋ ಶಕ್ತಿ ಐತಾ ಅಂತ ನಾ ಯೋಚ್ನಿ ಮಾಡ್ತಿದ್ದೆ."

"ಐತಾ ಅತ್ತೆ?"

"ನನ್ನ ಕೇಳಿದ್ರೆ? ನೀನೇ ಹೇಳ್ಬೇಕು."

ಭಾನುವಾರ ಕಳೆಯಿತು. ಸೋಮವಾರ ಬೆಳಿಗ್ಗೆ ತವರಿನವರು ಕೊಟ್ಟ ಹಸಿರು ಸೀರೆ ಉಟ್ಟು, ನೇರಳೆ ಬ್ಯಾಗು ಹಿಡಿದು ಪಡಸಾಲೆಗೆ ಬಂದಳು. ಅಪ್ಪ ಬಸ್‌ಸ್ಟ್ಯಾಂಡಿಗೆ ಬಿಡಲೆಂದು ಬಾಗಿಲಲ್ಲಿ ಮೊಪೆಡ್ ಹಿಡಿದು ನಿಂತಿದ್ದ. ಬ್ಯಾಗು ವಾಪಸು ಕೊಡಲು ಹೋಗುತ್ತಿದ್ದಾಳೋ, ಸೇರಲು ಹೋಗುತ್ತಿದ್ದಾಳೋ ನಮಗೆ ಯಾರಿಗೂ ಗೊತ್ತಿರಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ.

ನಮ್ಮವರು ಶಕುನ ನೋಡಬಾರದೆಂದು ಸ್ವಾಮಿಗಳು ವರ್ಷವರ್ಷವೂ ಬಂದು ಹೇಳುತ್ತಿದ್ದರು. ಎಲ್ಲರೂ ತಲೆದೂಗಿ ಕೇಳಿ, ಮನೆಗೆ ಬಂದು ನೋಡುತ್ತಿದ್ದರು. ಮನೆಯಿಂದ ಯಾರಾದರೂ ಹೊಸ ಕೆಲಸಕ್ಕೆ ಹೊರಟರೆ ಗಂಡ ಇಲ್ಲದವಳು ಎದುರಿಗೆ ಬರಬಾರದು. ಅಪ್ಪ ಕೆಲಸಕ್ಕೆ ಸೇರಿದ ದಿನ, ನನ್ನನ್ನು ಶಾಲೆಗೆ ಸೇರಿಸಿದ ದಿನ, ಯಾರೂ ಹೇಳದೆಯೇ ಅಜ್ಜಿ ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು ಕೂತಿದ್ದಳಂತೆ. ಆವತ್ತೂ ಹಾಗೇ ಒಳಗೆ ಸರಿದಳು. ಅವ್ವ ಹೊಸ್ತಿಲ ಮೇಲೆ ನಿಂತಳು. ಆಮೇಲೆ ಓಣಿಗೆಲ್ಲ ಕೇಳುವಷ್ಟು ಜೋರಾಗಿ ಕೂಗಿದಳು.

"ಅತ್ತೆ, ಬರ್ರಿ ಇಲ್ಲಿ. ಎದುರಿಗೆ ಬರ್ರಿ."

"ನೀ ಹೋಗವ್ವ, ಬಸ್ಸಿಗೆ ಹೊತ್ತಾಗ್ತೈತೆ. ನೀ ಹೋದ ಮ್ಯಾಲೆ ಬರ್ತೀನಿ."

"ನೀವು ಬಂದ ಮ್ಯಾಲೇ ನಾ ಹೋಗಾದು."

ವಾಪಸು ಕೊಡಲು ಹೋಗುವವರು ಯಾರನ್ನೂ ಎದುರಿಗೆ ಕರೆಯುವುದಿಲ್ಲ. ಶುರು ಮಾಡುವವರಿಗಷ್ಟೇ ಅದು ಬೇಕು. ಅಪ್ಪನಿಗೆ ಅದು ಕೂಡಲೇ ತಿಳಿಯಿತು.

"ಹಂಗಾದ್ರೆ ಸೇರ್ತೀಯ ಅಂತಾತು," ಎಂದ.

ಅವ್ವ ಒಳಬಾಗಿಲ ಕಡೆಯೇ ನೋಡುತ್ತಿದ್ದಳು. ಒಳಗಿನಿಂದ ಹಿತ್ತಲ ಬಾಗಿಲು ತೆರೆದ ಸದ್ದು ಕೇಳಿತು. ಅಜ್ಜಿ ಹಿತ್ತಲಿಂದ ಹೊರಬಿದ್ದು, ಓಣಿಯ ತುದಿಯ ನಲ್ಲಿಯವರೆಗೆ ಹೋಗಿ, ಅಲ್ಲಿಂದ ತಿರುಗಿ ನಮ್ಮ ಮನೆಯ ಕಡೆ ನಡೆದು ಬಂದಳು. ಅವಳ ಸೊಂಟದಲ್ಲಿ ಹಿತ್ತಾಳೆಯ ಕೊಡ, ಕೊಡದ ತುಂಬ ನೀರು. ಹೊರಡುವವರಿಗೆ ಮುತ್ತೈದೆಯರು ಎದುರಾಗುವ ರೀತಿಯಲ್ಲಿ, ಅವಸರವಿಲ್ಲದೆ, ನಡುಬೀದಿಯಲ್ಲಿ ಬಂದಳು. ಶಾಂತಕ್ಕ ತನ್ನ ಮನೆಯ ಕಟ್ಟೆಯ ಮೇಲೆ ಪೊರಕೆ ಹಿಡಿದು ನಿಂತುಬಿಟ್ಟಳು. ಎದುರು ಮನೆಯ ಕಿಟಕಿ ತೆರೆಯಿತು. ಅಜ್ಜಿ ಯಾರನ್ನೂ ನೋಡಲಿಲ್ಲ. ನಮ್ಮ ಮೆಟ್ಟಿಲ ಎದುರಿಗೆ ಬಂದು, ನೀರು ತುಳುಕದ ಹಾಗೆ ಕೊಡವನ್ನು ಹಿಡಿದು, ಸೊಸೆಗೆ ಎದುರಾಗಿ ನಿಂತಳು. ಅವ್ವ ಅವಳ ಮುಖ ನೋಡುತ್ತಲೇ ಬಲಗಾಲಿಟ್ಟು ಹೊಸ್ತಿಲು ಇಳಿದಳು.